ಮೌನ ತುಂಬುವ ರೌಟರ್

ಕತ್ತಲನ್ನು ಗೆದ್ದ ಮನುಷ್ಯ ಆಮೇಲೆ ದೂರವನ್ನು ಗೆದ್ದ. ಅವನ ಹಗೆಗಳಲ್ಲಿ ಕೊನೆಗೆ ಉಳಿದದ್ದು ಮೌನ. ಅದನ್ನೂ ಗೆದ್ದೆವೆಂದು ‘ನೀಲಪಥ’ವೆಂಬ ಸಂಪರ್ಕ ಕಂಪನಿ ಒಂದು ಭಾನುವಾರ ಸಾರಿತು. ಅಂದು ಬೆಳಿಗ್ಗೆ ದೋಣಿಗಳ ಮೇಲೆ, ಮನೆಗಳ ಮಾಡಿನಡಿಯಲ್ಲಿ, ಸಿಗ್ನಲ್ ಗೋಪುರಗಳ ಬುಡದಲ್ಲಿ ಕುಳಿತಿದ್ದ ರೌಟರ್‌ಗಳೆಲ್ಲ ಹೊಸ ಫರ್ಮ್‌ವೇರನ್ನು ತಾವಾಗಿಯೇ ಇಳಿಸಿಕೊಂಡು, ಮೂರು ಸಲ ಕಣ್ಣು ಮಿಟುಕಿಸಿ, ಹಸಿರಾಗಿ ನಿಂತವು. ‘ಇನ್ನು ನಿಮ್ಮವರ ದನಿ ಎಂದೂ ಕಡಿಯದು’ ಎಂಬ ಸಂದೇಶ ಎಲ್ಲರ ಫೋನಿಗೂ ಬಂತು. ಹೊಸಕೋಡಿ ಬಂದರಿನ ಹೆಂಗಸರು ಅದನ್ನು ಒಬ್ಬರಿಗೊಬ್ಬರು ಓದಿ ಹೇಳಿ ಸಂತೋಷಪಟ್ಟರು. ಗಂಡಸರು ಕಡಲಿಗೆ ಹೋದ ಮೇಲೆ ಅವರು ಅಂಜುತ್ತಿದ್ದುದು ಗಾಳಿಗಲ್ಲ, ಫೋನಿನಲ್ಲಿ ಮಾತಿನ ನಡುವೆ ಬೀಳುತ್ತಿದ್ದ ಆ ಖಾಲಿಗೆ.

ಮೂರನೆಯ ದಿನ, ಮಂಗಳವಾರ ಬೆಳಿಗ್ಗೆ, ಮೀನುಗಾರರ ಸಂಘದ ಸಂಪರ್ಕ ಕೋಣೆಯಲ್ಲಿ ಗುಲಾಬಿ ಕಾರಣ ತಿಳಿಯದ ಸಿಟ್ಟಿನಿಂದ ಕುದಿಯುತ್ತ ಕುಳಿತಿದ್ದಳು. ಐವತ್ತನಾಲ್ಕರ ಈ ಹೆಂಗಸು ಹತ್ತೊಂಬತ್ತು ವರ್ಷಗಳಿಂದ ಆ ಕುರ್ಚಿಯಲ್ಲಿದ್ದಳು. ನಲವತ್ತೆರಡು ದೋಣಿಗಳ ರೌಟರ್‌ಗಳನ್ನು ಬಿಚ್ಚಿ ಜೋಡಿಸುವುದು, ಕಡಲಿನಲ್ಲಿದ್ದವರೊಂದಿಗೆ ಮಾತಾಡುವುದು, ತಪ್ಪು ಮಾಡಿದವರ ಜನ್ಮ ಜಾಲಾಡುವುದು, ಮೂರೂ ಅವಳದೇ ಕೆಲಸ. ಅವಳಿಗೆ ಆ ಹೆಸರಿಟ್ಟವರು ಮುಳ್ಳನ್ನಷ್ಟೇ ನೋಡಿದ್ದರೆಂದು ಬಂದರಿನಲ್ಲಿ ನಗೆಯಾಡುತ್ತಿದ್ದರು.

ಪರದೆಯ ಮೇಲೆ ನಲವತ್ತೆರಡು ಹಸಿರು ಚುಕ್ಕಿಗಳು. ಒಂದೂ ಆರುವುದಿಲ್ಲ, ನಡುಗುವುದಿಲ್ಲ. ಮೊದಲೆಲ್ಲ ಕಡಲಿನಿಂದ ಬರುವ ಮಾತು ಮರಳು ಮೆತ್ತಿದ ಮೀನಿನಂತಿರುತ್ತಿತ್ತು. ಗೊರಗೊರ ಸದ್ದು, ಗಾಳಿಯ ಬೀಸು, ಅರ್ಧಕ್ಕೆ ತುಂಡಾದ ಬೈಗುಳ. ಈಗ ದನಿಗಳು ತೊಳೆದಿಟ್ಟ ತಟ್ಟೆಗಳಂತೆ ಬರುತ್ತಿದ್ದವು. ಅವಳ ತಮ್ಮ ಶೀನ, ‘ಗಂಗಾಮೃತ’ ದೋಣಿಯ ತಾಂಡೇಲ, ತಾನೂ ಸೇರಿ ಎಂಟು ಜನರ ನಾಯಕ, ನಿನ್ನೆಯಿಂದ ಅವಳನ್ನು ಒಂದು ಸಲವೂ ರೇಗಿಸಿರಲಿಲ್ಲ. ಅದು ಅವಳಿಗೆ ಸರಿಬರಲಿಲ್ಲ.

ಹತ್ತು ಗಂಟೆಗೆ ಗಂಜಿ ಉಣ್ಣಲು ಅವಳು ಮನೆಗೆ ಬಂದಾಗ ಶೀನನ ಹೆಂಡತಿ ಕಲ್ಯಾಣಿ ಅಂಗಳದಲ್ಲಿ ಮೀನು ಸೀಳುತ್ತ ಕುಳಿತಿದ್ದಳು. ಒಗೆಯುವ ಕಲ್ಲಿನ ಮೇಲಿಟ್ಟ ಫೋನಿನಿಂದ ಶೀನನ ದನಿ ಹರಿದು ಬರುತ್ತಿತ್ತು.

‘ಬನ್ನಿ ಅಕ್ಕ, ಕೇಣಿ ಇವ್ರ್ ಮಾತ್!’ ಕಲ್ಯಾಣಿಯ ಮುಖ ಅರಳಿತ್ತು. ‘ಮದ್ವಿ ಆಯಿ ಹದಿನೇಳ್ ವರ್ಷ ಆಯ್ತ್. ಒಂದ್ ದಿನ ಇಷ್ಟ್ ಮಾತಾಡ್ದೋರಲ್ಲ. ನಿನ್ನೆಯಿಂದ ನಾ ಕರ್ದಾಗೆಲ್ಲ ಸಿಕ್ತಾ ಇದ್ರ್.’

‘ಮಕ್ಕಳ್ ಶಾಲಿಗ್ ಹೋದ್ವಾ?’ ಎಂದಿತು ದನಿ. ‘ನಾವ್ ಸಂಜಿಗ್ ಬತ್ತೊ.’

ಗುಲಾಬಿ ಫೋನಿನತ್ತ ಬಾಗಿದಳು. ‘ಏ ಶೀನ, ಬಲಿಗ್ ಎಂತ ಬಿತ್ತಾ?’

‘ಎಂತ ಇಲ್ಲ ಮಾರಾಯ್ತಿ, ಬರೀ ನೀರ್.’

ಆ ಉತ್ತರದಲ್ಲಿ ಹೊಸದೇನೂ ಇರಲಿಲ್ಲ. ಹೊಸಕೋಡಿಯ ಯಾವ ತಾಂಡೇಲನೂ ಬಲೆ ತುಂಬಿದೆಯೆಂದು ಬಾಯಿಬಿಟ್ಟು ಹೇಳಿದವನಲ್ಲ.

‘ಗಂಜಿ ಆಯ್ತಾ?’

‘ಆಯ್ತ್ ಆಯ್ತ್. ಕೂಸಣ್ಣ ಬಂಗ್ಡಿ ಮೀನ್ ಸುಟ್ಟಿದ. ಅವ್ನ್ ಕೈ ರುಚಿ ನಿಂಗ್ ಗೊತ್ತಿತ್ತಲ್ದಾ!’

ಕಲ್ಯಾಣಿಯ ಕತ್ತಿ ಮೀನಿನ ಹೊಟ್ಟೆಯಲ್ಲೇ ನಿಂತಿತು. ಹನ್ನೊಂದು ವರ್ಷ ಆ ದೋಣಿಯಲ್ಲಿ ಅಡುಗೆ ಮಾಡಿದ್ದ ಕೂಸಣ್ಣ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಿದ್ದ. ಅವನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಶೀನನೇ ಮೊದಲಿಗ.

‘ಎಂತ ಅಂದ್ರಿ?’ ಕಲ್ಯಾಣಿಯ ದನಿ ಕೀರಲಾಯಿತು. ‘ಕೂಸಣ್ಣ ಸತ್ ಮೂರ್ ತಿಂಗ್ಳಾಯ್ತಲಾ!’

‘ಹೌದಲ್ದಾ, ಪಾಪ,’ ಎಂದಿತು ಫೋನು, ಅದೇ ಅಕ್ಕರೆಯಲ್ಲಿ. ‘ಹೆದ್ರಬೇಡ. ಎಲ್ಲ ಸಮ ಇತ್ತ್.’

ಗುಲಾಬಿ ಗಂಜಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿ ಎದ್ದಳು. ಹಿಂದಿನಿಂದ ಕಲ್ಯಾಣಿ ‘ಅಕ್ಕಾ, ಇದ್ ಯಾರ್? ನಾ ಯಾರ್ ಹತ್ರ ಮಾತಾಡ್ತಾ ಇದ್ದೆ?’ ಎಂದು ಕೂಗುತ್ತಿದ್ದಳು. ಗುಲಾಬಿ ಆಗಲೇ ಸಂಪರ್ಕ ಕೋಣೆಯತ್ತ ಓಡುತ್ತಿದ್ದಳು.

ಕಂಪನಿಯ ನಿಯಂತ್ರಣ ಕೊಠಡಿ ಹುಬ್ಬಳ್ಳಿಯಲ್ಲಿತ್ತು. ಹದಿನಾರು ನಿಮಿಷ ಸಂಗೀತ ಕೇಳಿಸಿದ ಮೇಲೆ ಸಂಕೇತ ಹಿರೇಮಠ ಎಂಬ ಇಂಜಿನಿಯರ್ ಮಾತಿಗೆ ಸಿಕ್ಕ.

‘ಗಂಗಾಮೃತ ಐತಿ ನೋಡ್ರಿ ಮೇಡಂ. ಹಸರ ಐತಿ. ಬಂದರದ ಕಡೆನ ಬರಾಕತ್ತೈತಿ. ಆದ್ರೂ ನಿಮಗ ಸಂಶಯ ಇದ್ರ ರೌಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ. ಹಿಂದ ಸಣ್ಣ ಗುಂಡಿ ಇರತದ, ಅದನ್ನ ಹತ್ತ ಸೆಕೆಂಡ್ ಒತ್ತಿ…’

‘ರೌಟರ್ ನಲವತ್ ಮೈಲಿ ಆಚೆ ಕಡಲಲ್ಲಿ ಇತ್ತ್. ಗುಂಡಿ ಒತ್ತುಕೆ ಯಾರ್ ಬೆರಳ್ ಕಳ್ಸುದ್? ನಿನ್ದಾ?’

‘ಮೇಡಂ, ಸಿಟ್ಟ ಮಾಡಕೋಬ್ಯಾಡ್ರಿ. ಮೂರ ದೀಪ ಹತ್ತೈತೇನು ನೋಡ್ರಿ.’

‘ಸತ್ತೋನ್ ಬಂಗ್ಡಿ ಸುಡ್ತಾ ಇದ್ದ ಅಲ್ಲಿ! ದೀಪ ಕಾಂಬುಕೆ ಹೇಳ್ತ್ಯಾ ನಂಗೆ?’

ಗುಲಾಬಿ ನಡೆದುದನ್ನು ಹೇಳಿದಳು. ಆ ಬದಿಯಲ್ಲಿ ಬಹಳ ಹೊತ್ತು ಮಾತಿಲ್ಲ. ಮೂರು ದಿನಗಳಲ್ಲಿ ಅವಳು ಕೇಳಿದ ಮೊದಲ ನಿಜವಾದ ಮೌನ ಅದು. ಆಮೇಲೆ ಸಂಕೇತನ ದನಿ ಇಳಿಯಿತು, ಎದ್ದು ಗೋಡೆಯ ಕಡೆ ತಿರುಗಿ ಮಾತಾಡುವವನಂತೆ.

‘ಅದು ಸೇತು ಮೇಡಂ. ಹೊಸಾ ಸೌಲಭ್ಯ. ಸಿಗ್ನಲ್ ಕಡದಾಗ ನಡುವಿನ ಖಾಲಿ ಜಾಗಾ ತುಂಬತೈತಿ. ಏಳು ವರ್ಷದ ಮಾತು ಅದರ ಹತ್ರ ಐತ್ರಿ. ಆ ಮನಷ್ಯಾ ಏನು ಅಂತಿದ್ದ ಅಂತ ಲೆಕ್ಕ ಹಾಕಿ, ಅವನ ದನಿಯಾಗ ಹೇಳತೈತಿ. ನಕಾಶೆ ಮ್ಯಾಲಿನ ಚುಕ್ಕಿನೂ ಹಂಗ, ಅಂದಾಜಿನ ಮ್ಯಾಲೆ ನಡಸತೈತಿ. ಇಕ್ಕಡೆ ನಿಮ್ಮ ರೌಟರ್ ಅವರ ಮಾತ ತುಂಬತೈತಿ, ಅಕ್ಕಡೆ ಅವರ ರೌಟರ್ ನಿಮ್ಮ ಮಾತ ತುಂಬತೈತಿ.’

‘ಎಷ್ಟ್ ಹೊತ್ತ್?’

‘ಬ್ಯಾರೆ ಬಂದರಕ್ಕೆಲ್ಲ ಹತ್ತ ನಿಮಿಷ ಮಿತಿ ಐತ್ರಿ. ಆಮ್ಯಾಲೆ ಕೆಂಪ ದೀಪ, ಸೈರನ್.’ ಅವನು ತಡೆದ. ‘ನಿಮ್ಮದಕ್ಕ ಮಿತಿ ಇಲ್ರಿ.’

‘ನಮ್ಗ್ ಎಂತಕ್ಕೆ ಇಲ್ಲ?’

‘ನೀವ ಬರದ ವರದಿ ಐತಲ್ರಿ ಮೇಡಂ.’

ಹೊಸಕೋಡಿಯಲ್ಲಿ ಒಂದು ಪದ್ಧತಿಯಿತ್ತು. ಮೀನಿನ ಹಿಂಡು ಕಂಡಿತೆಂದರೆ ತಾಂಡೇಲನು ಮೊದಲು ಮುಟ್ಟುವುದು ಬಲೆಯ ಹಗ್ಗವನ್ನಲ್ಲ. ಖಾಲಿ ಎಣ್ಣೆ ಡಬ್ಬಿಯೊಂದನ್ನು ತಂದು ರೌಟರಿನ ಮೇಲೆ ಬೋರಲು ಹಾಕುತ್ತಾನೆ. ತಗಡಿನೊಳಗೆ ಅಲೆಗಳು ಸಾಯುತ್ತವೆ, ನಕ್ಷೆಯಲ್ಲಿ ಚುಕ್ಕಿ ಆರುತ್ತದೆ, ಉಳಿದ ದೋಣಿಗಳು ಆ ಜಾಗಕ್ಕೆ ಮುತ್ತುವುದಿಲ್ಲ. ಮೂರು ನಾಲ್ಕು ಗಂಟೆಯ ಮೇಲೆ ಡಬ್ಬಿ ತೆಗೆದು ‘ಬರೀ ನೀರ್’ ಎನ್ನುತ್ತಾನೆ. ರೌಟರನ್ನು ಮುಚ್ಚಿದವರ ಪರವಾನಗಿ ರದ್ದಾಗುತ್ತದೆಂದು ಕಾನೂನು ಇತ್ತು. ಹಿಂದಿನ ಮಳೆಗಾಲದಲ್ಲಿ ಕಂಪನಿಯವರು, ನಿಮ್ಮ ದೋಣಿಗಳು ಇಷ್ಟು ಹೊತ್ತು ಮೌನವಾಗುವುದೇಕೆ ಎಂದು ಒಂದು ನಮೂನೆ ಕಳುಹಿಸಿದ್ದರು. ಗುಲಾಬಿ ತನ್ನವರನ್ನು ಬಿಟ್ಟುಕೊಡಲಿಲ್ಲ. ನಲವತ್ತೆರಡು ದೋಣಿಗಳ ಮುಂದೆಯೂ ಒಂದೇ ಮಾತನ್ನು ತನ್ನ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಮೌನ ಸಹಜ. ದೋಣಿ ಸುರಕ್ಷಿತ.’

ಯಂತ್ರ ಅದನ್ನು ನಂಬಿತ್ತು. ಮನುಷ್ಯರಾದರೆ ಅವಳ ಮುಖ ನೋಡಿ ನಕ್ಕು ಬಿಡುತ್ತಿದ್ದರು.

‘ಶೀನನ ಬೋಟಿಂದ ಕಡಿಗ್ ನಿಜವಾಗಿ ಮಾತ್ ಬಂದದ್ ಯಾವಾಗ?’ ಹಲ್ಲು ಕಚ್ಚಿ ಕೇಳಿದಳು.

‘ಹೊಸಾ ಆವೃತ್ತಿಯೊಳಗ ಆ ಪುಟ ಮುಚ್ಯಾರ್ರಿ, ನನಗೂ ತಗ್ಯಾಕ ಬರಂಗಿಲ್ಲ. ಸೇತು ನಿಲ್ಲಸಾಕ ಮುಖ್ಯ ಕಚೇರಿ ಅಪ್ಪಣಿ ಬೇಕು. ಆದ್ರ…’ ದನಿ ಇನ್ನೂ ಇಳಿಯಿತು. ‘ಹಳೇ ಆವೃತ್ತಿ ಇರೋ ರೌಟರ್ ಒಂದು ಎಲ್ಲಿಂದರ ತಂದು ನಿಮ್ಮ ಗೋಪುರದ ತಂತಿಗೆ ಹಚ್ರಿ. ಗೋಪುರಕ್ಕ ಖರೇ ಬಂದದ್ದು ಯಾವುದು, ಎಲ್ಲಿಂದ ಬಂತು, ಮೂರ ದಿನದ ಪಟ್ಟಿ ಅದಕ್ಕ ಕಾಣತೈತಿ. ನಾ ಹೇಳೇನಿ ಅಂತ ಎಲ್ಲೂ ಹೇಳಬ್ಯಾಡ್ರಿ.’

ಆ ನಲವತ್ತೆರಡರ ಲೆಕ್ಕಕ್ಕೆ ಸೇರದೆ, ಮಳೆಗಾಲದಿಂದಲೂ ದುರಸ್ತಿಗೆಂದು ದಡಕ್ಕೆಳೆದಿದ್ದ ದೋಣಿಯೊಂದು ಶೆಡ್ಡಿನಲ್ಲಿತ್ತು. ವಿದ್ಯುತ್ತು ಕಾಣದ ಅದರ ರೌಟರಿಗೆ ಹೊಸ ಫರ್ಮ್‌ವೇರ್ ತಲುಪಿರಲಿಲ್ಲ. ಗುಲಾಬಿ ಸ್ಕ್ರೂ ಬಿಚ್ಚುವ ತಾಳ್ಮೆಯಿಲ್ಲದೆ ಅದನ್ನು ಮೊಳೆ ಸಹಿತ ಕಿತ್ತು ತಂದಳು. ಕೋಣೆಯ ಹೊಸ ಪೆಟ್ಟಿಗೆಯಿಂದ ಗೋಪುರದ ತಂತಿಯನ್ನು ಎಳೆದು ಹಳೆಯದಕ್ಕೆ ಚುಚ್ಚಿದಳು. ಒಮ್ಮೆಲೇ ಕೋಣೆಯೊಳಗೆ ಕಡಲು ನುಗ್ಗಿತು. ಅದೇ ಗೊರಗೊರ, ಅದೇ ಬೀಸು. ಪರದೆಯಲ್ಲಿ ಹಲವು ಚುಕ್ಕಿಗಳು ನಡುಗಿದವು, ಕೆಲವು ಆರಿದವು. ಬಂದರಿನತ್ತ ಬರುತ್ತಿದ್ದ ಗಂಗಾಮೃತದ ಚುಕ್ಕಿ ಇದ್ದಕ್ಕಿದ್ದಂತೆ ಇಲ್ಲವಾಯಿತು.

ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಕಡೆಯ ನಿಜವಾದ ಸಿಗ್ನಲ್ಲಿನ ಜಾಗವೂ ಹೊತ್ತೂ ಇದ್ದವು. ನಿನ್ನೆ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ.

ಇಪ್ಪತ್ತೊಂಬತ್ತು ಗಂಟೆ! ಯಾವ ಮೀನಿಗೂ ಅಷ್ಟು ಹೊತ್ತು ಡಬ್ಬಿ ಮುಚ್ಚುವವರಿಲ್ಲ.

ಅವಳು ಕಡಲ ರಕ್ಷಣಾ ಕೇಂದ್ರಕ್ಕೆ ಫೋನು ಮಾಡಿದಳು. ಅಲ್ಲಿನ ಅಧಿಕಾರಿ ತನ್ನ ಪರದೆ ನೋಡಿ, ‘ಬರ್ತಾ ಇದೆಯಲ್ಲಮ್ಮ ನಿಮ್ಮ ಬೋಟು, ಇನ್ನು ಆರೇಳು ಗಂಟೆ’ ಎಂದ. ಅದು ಅಂದಾಜಿನ ಚುಕ್ಕಿ ಎಂದಳು. ‘ನಾನೀಗಷ್ಟೇ ತಾಂಡೇಲರ ಹತ್ತಿರವೇ ಮಾತಾಡಿದೆ, ಎಲ್ಲ ಸಮ ಇದೆ ಅಂದರು’ ಎಂದ. ಅದು ತನ್ನ ತಮ್ಮನಲ್ಲ ಎಂದಳು. ‘ನೀವು ಸ್ವಲ್ಪ ನೀರು ಕುಡೀರಿ’ ಎಂದ.

ಗುಲಾಬಿ ಬಾಯಿಗೆ ಬಂದ ಮಾತನ್ನು ಪೂರ್ತಿ ಆಡಿಯೇ ಫೋನಿಟ್ಟಳು. ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ದೋಣಿ ನಿಲ್ಲುವ ಧಕ್ಕೆಯಲ್ಲಿ ಆಗಷ್ಟೇ ಮೀನು ಇಳಿಸಿ ಮುಗಿಸಿದ ದೋಣಿ ಮಾಸ್ತಿ ಖಾರ್ವಿಯದು. ಅರವತ್ತು ದಾಟಿದ ಮಾಸ್ತಿಗೂ ಶೀನನಿಗೂ ಬಲೆಯ ಜಾಗದ ವಿಷಯಕ್ಕೆ ಹನ್ನೆರಡು ವರ್ಷದಿಂದ ಮಾತಿಲ್ಲ. ಗುಲಾಬಿ ಹೇಳಿದುದನ್ನೆಲ್ಲ ಅವನು ಬೀಡಿ ಆರುವವರೆಗೂ ಕೇಳಿದ. ಆಮೇಲೆ ಎಂಜಿನ್ ಚಾಲೂ ಮಾಡಿದ. ಸುತ್ತಲಿದ್ದ ಇನ್ನೂ ಏಳು ದೋಣಿಗಳು ಹಗ್ಗ ಬಿಚ್ಚಿದವು. ಗುಲಾಬಿ ಹಲಗೆಯ ಮೇಲೆ ಕಾಲಿಟ್ಟಾಗ ಮಾತ್ರ ಮಾಸ್ತಿ ಅಡ್ಡ ನಿಂತ.

‘ಹೆಂಗ್ಸ್ರ್ ಬೋಟ್ ಹತ್ತುಕಿಲ್ಲ. ಗೊತ್ತಿತ್ತಲ್ದಾ?’

‘ಗೊತ್ತಿತ್ತ್. ಹತ್ತಿರೆ ಎಂತ ಆತ್ತ್? ಬೋಟ್ ಮುಳ್ಗತ್ತಾ? ಮುಳ್ಗಿ ಆಯ್ತ್ ಮಾರಾಯ, ದಾರಿ ಬಿಡ್!’

ಮಾಸ್ತಿ ದಾರಿ ಬಿಟ್ಟ.

ನಾಲ್ಕು ಗಂಟೆಯ ಪ್ರಯಾಣ. ದಡ ಒಂದು ಗೆರೆಯಾಗಿ, ಗೆರೆ ಒಂದು ಶಂಕೆಯಾಗಿ, ಶಂಕೆಯೂ ಕರಗಿತು. ಅಂದಿನ ಕಡಲು ಬೆಣ್ಣೆ ತೆಗೆದಿಟ್ಟ ಮಜ್ಜಿಗೆಯಂತೆ ಶಾಂತವಾಗಿತ್ತು. ಆ ಶಾಂತಿಯ ಮೇಲೂ ಗುಲಾಬಿಗೆ ರೋಷ ಬಂತು. ಒಂದು ಕೂಗಾಡುವ ಬಿರುಗಾಳಿಯಾದರೂ ಇದ್ದಿದ್ದರೆ ದೂರಲು ಒಂದು ಮುಖವಿರುತ್ತಿತ್ತು. ಈಗ ದೂರುವುದಾದರೂ ಯಾರನ್ನು? ಹುಬ್ಬಳ್ಳಿಯಲ್ಲಿ ಗೋಡೆಗೆ ತಿರುಗಿ ಪಿಸುಗುಟ್ಟುವ ಸಂಬಳದಾಳನ್ನೇ? ಮಿತಿಯ ಮೇಲೆ ಗೀಟೆಳೆದ ಯಾರೋ ಕಾಣದ ದೊಡ್ಡವರನ್ನೇ? ಡಬ್ಬಿ ಮುಚ್ಚುವ ಗಂಡಸರನ್ನೇ? ಇಲ್ಲ, ‘ಸಹಜ’ ಎಂದು ನಲವತ್ತೆರಡು ಸಲ ಬರೆದ ತನ್ನ ಬಲಗೈಯನ್ನೇ? ಆ ಕೈಯನ್ನು ಅವಳು ದೋಣಿಯ ಅಂಚಿಗೆ ಅಪ್ಪಳಿಸಿದಳು. ಚರ್ಮ ಸುಲಿಯಿತು. ಮಾಸ್ತಿ ನೋಡಿಯೂ ನೋಡದಂತೆ ಚುಕ್ಕಾಣಿ ಹಿಡಿದಿದ್ದ.

ಪಟ್ಟಿಯಲ್ಲಿದ್ದ ಜಾಗದಲ್ಲಿ ದೋಣಿ ಇರಲಿಲ್ಲ. ಡೀಸೆಲಿನ ಬಣ್ಣಬಣ್ಣದ ತೆಳು ಪೊರೆಯೊಂದು ತೆಂಕಲಿಗೆ ಹರಿದಿತ್ತು. ಎಂಟೂ ದೋಣಿಗಳು ಬೀಸಣಿಗೆಯಂತೆ ಹರಡಿ ಆ ಪೊರೆಯನ್ನು ಹಿಂಬಾಲಿಸಿದವು. ಐದು ಗಂಟೆಯ ಸುಮಾರಿಗೆ ಮಾಸ್ತಿಯ ಕಣ್ಣಿಗೆ ಬಲೆಯ ತೇಲುಗುಂಡುಗಳ ಸಾಲೊಂದು ಬಿತ್ತು. ಗುಂಡುಗಳ ನಡುವೆ ಮನುಷ್ಯರ ತಲೆಗಳು.

ಗುಲಾಬಿ ಧ್ವನಿವರ್ಧಕವನ್ನು ಕಸಿದುಕೊಂಡಳು. ‘ಶೀನಾ! ಬಂದೆ ಕಾಣ್! ನಾನ್ ಗುಲಾಬಿ! ಬೋಟ್ ತಂದಿದೆ!’

ಒಂದು ತಲೆಯೂ ಹೊರಳಲಿಲ್ಲ. ಒಂದು ಕೈಯೂ ಮೇಲೇಳಲಿಲ್ಲ.

ಸತ್ತಿದ್ದಾರೆಂದೇ ಅವಳೆಣಿಸಿದಳು. ಇನ್ನೊಮ್ಮೆ ಕೂಗಿದಳು. ಆಗ ಉಪ್ಪು ತಿಂದು ಬಿರಿದ ಗಂಟಲೊಂದು ನೀರಿನ ಮೇಲಿಂದ ಕೇಳಿಸಿತು. ಶೀನ ತನ್ನವರಿಗೆ ಹೇಳುತ್ತಿದ್ದ: ‘ಯಾರೂ ತಿರ್ಗ್ಬೇಡಿ. ಅದ್ ಮತ್ತ್ ಶುರುವಾಯ್ತ್.’

ಮಾಸ್ತಿ ಎಂಜಿನ್ ನಿಲ್ಲಿಸಿದ. ಆಗ ಇನ್ನೊಂದು ದನಿಯೂ ಕೇಳಿಸಿತು. ತೇಲುಗುಂಡುಗಳ ನಡುವೆ, ದೋಣಿ ಮುಳುಗಿದರೂ ತಾನು ಮುಳುಗದಂತೆ ಕಟ್ಟಿದ್ದ ಕಿತ್ತಳೆ ಬಣ್ಣದ ರೌಟರ್ ಪೆಟ್ಟಿಗೆ ತೇಲುತ್ತಿತ್ತು. ಅದರ ಹಸಿರು ದೀಪ ಉರಿಯುತ್ತಿತ್ತು. ಪೆಟ್ಟಿಗೆಯೊಳಗಿನಿಂದ ಗುಲಾಬಿ ಮಾತಾಡುತ್ತಿದ್ದಳು.

‘ಹೆದ್ರಬೇಡಿ ಮಕ್ಳೆ. ಬೋಟ್ ಹೊರಟಿತ್. ಅಲ್ಲೇ ಇರಿ. ನಾ ಇದ್ದೆ.’

ಅದು ನಕಲಿ ದನಿಯೆನ್ನುವಂತಿರಲಿಲ್ಲ. ಆ ಒಂದೊಂದು ಮಾತನ್ನೂ ಬಿರುಗಾಳಿಯ ದಿನಗಳಲ್ಲಿ ಅವಳೇ ಆಡಿದ್ದಳು. ಆಡಿದ ದಿನ ಅವೆಲ್ಲ ನಿಜವಾಗಿದ್ದವು.

ಆಳುಗಳು ಒಬ್ಬೊಬ್ಬರನ್ನೇ ಮೇಲೆಳೆದರು. ಅವರ ತುಟಿಗಳು ಒಡೆದಿದ್ದವು, ಬೆರಳುಗಳು ಹಗ್ಗದ ಆಕಾರದಲ್ಲೇ ಮಡಚಿಕೊಂಡಿದ್ದವು. ಕೊನೆಗೆ ಬಂದ ಶೀನನ ಮುಖವನ್ನು ಗುಲಾಬಿ ಎರಡೂ ಕೈಗಳಲ್ಲಿ ಹಿಡಿದಳು. ಅವನು ಅವಳನ್ನು ನೋಡಿದ. ಬಾಯಿ ನೋಡಿದ, ಮತ್ತೆ ಕಣ್ಣು ನೋಡಿದ.

‘ನೀನ್ ಯಾರ್?’ ಎಂದ.

ಮೂರು ದಿನದ ಸಿಟ್ಟೆಲ್ಲ ಅವಳ ಸುಲಿದ ಕೈಗೆ ಇಳಿದು ಬಂತು. ಫಳಾರನೆ ಅವನ ಕೆನ್ನೆಗೆ ಬಾರಿಸಿದಳು. ಮಾಸ್ತಿ ‘ಹೋಯ್, ಹೋಯ್!’ ಎಂದು ಅವಳ ತೋಳು ಹಿಡಿದ. ಶೀನನ ಕೆನ್ನೆಯ ಮೇಲೆ ಅವಳ ರಕ್ತದ ನಾಲ್ಕು ಬೆರಳುಗಳು ಮೂಡಿದ್ದವು. ಅವನು ಅದನ್ನು ಮುಟ್ಟಿ ನೋಡಿಕೊಂಡ.

‘ಅಕ್ಕಾ,’ ಎಂದು ಹುಡುಗನಂತೆ ಅತ್ತ.

ನಿನ್ನೆ ಬೆಳಿಗ್ಗೆ ತೇಲುವ ದಿಮ್ಮಿಯೊಂದು ಬಡಿದು ಅಡಿಹಲಗೆ ಒಡೆದು, ರೌಟರಿನ ಆಂಟೆನಾ ಮುರಿದಿತ್ತು. ನೀರಿಗೆ ಇಳಿಯುವ ಮೊದಲೇ ಅವನು ದಡಕ್ಕೆ ಕರೆದಿದ್ದ. ಅವಳೇ ಓಗೊಟ್ಟಿದ್ದಳು. ಅಲ್ಲೇ ಇರಿ ಎಂದಿದ್ದಳು. ಮೂಡುಗಡೆ ದೂರದಲ್ಲಿ ದೊಡ್ಡ ಹಡಗೊಂದು ಕಂಡಿತ್ತಂತೆ. ಅದರತ್ತ ಈಜೋಣವೆಂದು ಹುಡುಗರೆಂದರೆ ಅವನೇ ತಡೆದಿದ್ದ, ಅಕ್ಕ ಹೇಳಿದರೆ ಮುಗಿಯಿತು ಎಂದು. ಹಡಗು ಹೋಯಿತು. ಅಕ್ಕ ಗಂಟೆಗೊಮ್ಮೆ ಅದನ್ನೇ ಹೇಳುತ್ತ ಬಂದಳು. ಇಂದು ಬೆಳಗಾದ ಮೇಲೆ ಅವರು ಆ ದನಿಗೆ ಬೆನ್ನು ತಿರುಗಿಸಿ ತೇಲತೊಡಗಿದ್ದರು.

ಗುಲಾಬಿ ಎಣಿಸುತ್ತಿದ್ದಳು. ದೋಣಿಯ ಹಲಗೆಹಾಸಿನ ಮೇಲೆ ಮಲಗಿದ್ದವರು ಆರು ಜನ.

‘ವಾಸು ಎಲ್ಲಿ? ದಾಮು?’

ಶೀನ ಮುಖವನ್ನು ಇನ್ನೊಂದು ಕಡೆಗೆ ಹೊರಳಿಸಿದ.

‘ಇವತ್ ಮಧ್ಯಾಹ್ನ ನೀನೇ ಅಂದೆ. ಬಡಗಿಂದ ಬೋಟ್ ಬತ್ತಾ ಇತ್ತ್, ಹತ್ರ ಬಂತ್, ಕಾಣಿ ಅಂದೆ. ನಾವ್ ಯಾರೂ ನಂಬ್ಲಿಲ್ಲ. ಅವ್ರಿಬ್ರ್ ನಂಬಿದ್ರ್. ಹಗ್ಗ ಬಿಚ್ಕಂಡ್ ಆ ಬದಿಗ್ ಈಜಿ ಹೋದ್ರ್.’

ಎರಡು ವರ್ಷದ ಹಿಂದೆ ಒಂದು ಗಾಳಿಯ ದಿನ ಅವಳು ಹಾಗೆ ಹೇಳಿದ್ದುಂಟು. ಅಂದು ಬಡಗಿನಿಂದ ನಿಜವಾಗಿಯೂ ಒಂದು ದೋಣಿ ಬಂದಿತ್ತು.

ಅದು ನಾನಲ್ಲ, ಎನ್ನಬಹುದಿತ್ತು. ಆ ಮಾತು ಸತ್ಯವೂ ಆಗಿತ್ತು, ಗಂಟಲಿನವರೆಗೂ ಬಂದಿತ್ತು. ಆರು ಜನರೂ ಅವಳ ಬಾಯಿಯನ್ನೇ ನೋಡುತ್ತಿದ್ದರು, ಪೆಟ್ಟು ಬೀಳುವ ಮೊದಲು ಕೈಯನ್ನು ನೋಡುವಂತೆ. ಕೆಳಗೆ ನೀರಿನಲ್ಲಿ ಪೆಟ್ಟಿಗೆ ಮಕ್ಕಳಿಗೆ ಧೈರ್ಯ ಹೇಳುತ್ತಲೇ ಇತ್ತು.

ಸೂರ್ಯ ಮುಳುಗಲು ಇನ್ನೂ ಒಂದು ಗಂಟೆ ಇತ್ತು. ಮಾಸ್ತಿ ಚುಕ್ಕಾಣಿಯ ಬಳಿ ನಿಂತು ಎತ್ತ ಎಂಬಂತೆ ಅವಳತ್ತ ನೋಡಿದ. ಗುಲಾಬಿ ಬಾಯಿ ತೆರೆಯಲಿಲ್ಲ. ಸುಲಿದ ಕೈಯನ್ನೆತ್ತಿ ಬಡಗು ದಿಕ್ಕನ್ನು ತೋರಿಸಿದಳು.

ಯಾವ ದೋಣಿಯೂ ಬಂದಿರದ ಆ ದಿಕ್ಕಿಗೆ ಒಂದು ದೋಣಿ ಹೊರಟಿತು.